ಹತ್ತಂಗುಲದ ಮನೆ

ದೊಡ್ಡದನ್ನು ಕಿರಿದುಮಾಡಿ ಕಣ್ಣಮುಂದೆ ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ನಮ್ಮ ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ಅರಮನೆಯೂ ಅಂಬಾರಿಯೂ ಮೊಳದುದ್ದದ ಹಲಗೆಯ ಮೇಲೆ ಹಾಯಾಗಿ ಅಡಗಿಕೊಳ್ಳುತ್ತವೆ. ಜಾತ್ರೆಯಲ್ಲಿ ಮಗು ಹಟಮಾಡಿ ಕೊಳ್ಳುವ ಮರದ ಗಾಡಿಯೂ ಈ ಜಾತಿಯದೇ. ಆದರೆ ಇವು ಆಟಿಕೆಗಳು. ಅಳತೆಯ ನಿಷ್ಠೆಯನ್ನು ಇವುಗಳಿಂದ ಯಾರೂ ಬೇಡುವುದಿಲ್ಲ. ಅಳತೆಗೆ ಬದ್ಧವಾದ ಮಾದರಿಯೆಂಬುದು ಬೇರೆಯೇ ಒಂದು ವ್ಯವಸಾಯ. ಮೂಲದ ಒಂದು ಅಡಿಗೆ ಮಾದರಿಯ ಒಂದು ಅಂಗುಲವೆಂದು ಒಮ್ಮೆ ಗೊತ್ತುಮಾಡಿಕೊಂಡ ಮೇಲೆ, ಮೊಳೆಯಿಂದ ಮೊದಲುಗೊಂಡು ಮಾಡಿನವರೆಗೆ ಎಲ್ಲವೂ ಆ ಒಂದು ಮಾತಿಗೆ ಕಟ್ಟುಬೀಳಬೇಕು. ಆಟಿಕೆ ಮಾಡುವವನು ಕಣ್ಣಿಗೆ ಕಂಡದ್ದನ್ನು ಮಾಡುತ್ತಾನೆ. ಮಾದರಿ ಮಾಡುವವನು, 'ಇದು ಏಕೆ ಹೀಗಿದೆ?' ಎಂದು ಕೇಳಿಕೊಳ್ಳದೆ ಒಂದು ಹೆಜ್ಜೆಯನ್ನೂ ಮುಂದಿಡಲಾರ.

ಇಂಥದೊಂದು ಮಾದರಿಯ ಹಿಂದೆ ನಾನು ಸುಮಾರು ೧೪ ತಿಂಗಳ ಸಂಜೆಗಳನ್ನು ಕಳೆದಿದ್ದೇನೆ. ಇಂಗ್ಲೆಂಡಿನ ಜಿಪ್ಸಿಗಳು ಒಂದು ಕಾಲಕ್ಕೆ ವಾಸಕ್ಕೆಂದು ಇಟ್ಟುಕೊಂಡಿದ್ದ, ಕುದುರೆ ಎಳೆಯುವ, ನಾಲ್ಕು ಚಕ್ರದ ಮನೆಗಾಡಿ ನನ್ನ ವಸ್ತು. ಅದರ ನಿಜವಾದ ಉದ್ದ ಸುಮಾರು ೧೦ ಅಡಿ. ನನ್ನದು ೧೦ ಅಂಗುಲ. ನೋಡಿದ ಸ್ನೇಹಿತರು ಮೊದಲು ಮೆಚ್ಚುತ್ತಾರೆ. ಆಮೇಲೆ, 'ನಮ್ಮಲ್ಲಿ ಎತ್ತಿನ ಗಾಡಿ ಇರಲಿಲ್ಲವೆ, ತೇರು ಇರಲಿಲ್ಲವೆ? ಕಡಲಾಚೆಯ ಈ ಜಿಪ್ಸಿಗಳ ಗಾಡಿ ನಿಮಗೇಕೆ ಬೇಕಾಯಿತು?' ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಮಾತಿನಲ್ಲಿ ಅದಕ್ಕೆ ಉತ್ತರವಿಲ್ಲ. ಗಾಡಿಯನ್ನು ತುಂಡುತುಂಡಾಗಿ ಬಿಡಿಸಿ ತೋರಿಸಿದರೆ ಬಹುಶಃ ಉತ್ತರ ತಾನಾಗಿಯೇ ಹೊರಬಿದ್ದೀತು.

ಹೆಸರು ಬಂದ ಹಾದಿ

ಮೊದಲು ಹೆಸರು. ಜಿಪ್ಸಿ ಎಂಬುದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಅವರು ಬ್ರಿಟನ್ನಿಗೆ ಬಂದಾಗ ಅಲ್ಲಿಯವರು ಅವರನ್ನು ಈಜಿಪ್ಟಿನವರೆಂದು ಭಾವಿಸಿದರು. 'ಈಜಿಪ್ಷಿಯನ್' ಸವೆದು 'ಜಿಪ್ಸಿ'ಯಾಯಿತು. ಯೂರೋಪಿನ ಹಲವು ಕಡೆ ಈ ಹೆಸರನ್ನು ಇಂದು ಬೈಗಳೆಂದೇ ಎಣಿಸುತ್ತಾರೆ. ಇಂಗ್ಲೆಂಡಿನಲ್ಲಿ ಮಾತ್ರ ಆ ಜನರಲ್ಲಿಯೇ ಅನೇಕರು ಅದನ್ನು ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ. ಜನಾಂಗಕ್ಕೆ ಒಟ್ಟಿನಲ್ಲಿ ಇರುವ ಹೆಸರು ರೋಮಾ. ಅವರ ನುಡಿ ರೋಮಾನಿ.

ಆ ನುಡಿಯೇ ಅವರ ಊರನ್ನು ಬಯಲುಮಾಡಿತು. ೧೭೮೨ರಲ್ಲಿ ಜರ್ಮನಿಯ ರೂಡಿಗರ್ ಎಂಬ ವಿದ್ವಾಂಸ ರೋಮಾನಿಯನ್ನು ಹಿಂದುಸ್ತಾನಿಯೊಡನೆ ಹೋಲಿಸಿ, ಇದು ಭಾರತದಿಂದ ಹೊರಟ ಮಾತು ಎಂದು ತೋರಿಸಿಕೊಟ್ಟ. ನೀರಿಗೆ ಅವರು ಪಾನಿ ಎನ್ನುತ್ತಾರೆ. ಉಪ್ಪಿಗೆ ಲೋನ್, ಮೂಗಿಗೆ ನಾಕ್, ಕೂದಲಿಗೆ ಬಾಲ್, ಚಾಕುವಿಗೆ ಚುರಿ, ಬೆಂಕಿಗೆ ಯಾಗ್. ಈ ಕೊನೆಯದು ನಮ್ಮ 'ಅಗ್ನಿ'ಯ ಸೋದರ. ಇಂಗ್ಲಿಷರು ಗೆಳೆಯನನ್ನು 'ಪಾಲ್' ಎಂದು ಕರೆಯುತ್ತಾರಲ್ಲ, ಆ ಮಾತೂ ರೋಮಾನಿಯಿಂದ ಎರವಲು ಬಂದದ್ದೇ. ಅಲ್ಲಿ ಅದಕ್ಕೆ ಅಣ್ಣತಮ್ಮ ಎಂದರ್ಥ. ಮೂಲದಲ್ಲಿ ಅದು ಸಂಸ್ಕೃತದ 'ಭ್ರಾತೃ'. ಒಂದರಿಂದ ಆರರವರೆಗೆ ಮತ್ತು ಹತ್ತು, ಇಷ್ಟು ಎಣಿಕೆ ಭಾರತದ್ದು. ಏಳು, ಎಂಟು, ಒಂಬತ್ತು ಗ್ರೀಕಿನವು. ದಾರಿಗೆ ಇರುವ 'ದ್ರೋಮ್' ಎಂಬ ಮಾತೂ ಗ್ರೀಕಿನದೇ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟ ಈ ಜನ ಯಾವ ಯಾವ ನಾಡುಗಳಲ್ಲಿ ತಂಗಿದರು ಎಂಬುದರ ದಿನಚರಿ ಅವರ ನಾಲಗೆಯ ಮೇಲೆಯೇ ಇದೆ.

ಈ ದಿನಚರಿಯಲ್ಲಿ ಗಾಡಿಯ ಹೆಸರೂ ಒಂದು ಪುಟ. ಮನೆಗಾಡಿಗೆ ಅವರು ಹೇಳುವ ಮಾತು 'ವಾರ್ಡೋ'. ಅದು ಭಾರತದಿಂದ ಬಂದ ಮಾತಲ್ಲ. ಕಾಕಸಸ್ ಪರ್ವತಗಳ ನಾಡಿನಲ್ಲಿ ಆಡುವ, ಇರಾನೀ ಬಳಗಕ್ಕೆ ಸೇರಿದ ಒಸೆಟಿಕ್ ನುಡಿಯ ಕಡೆಯಿಂದ ಬಂದದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೀಗೆ ನೀರು, ಉಪ್ಪು, ಬೆಂಕಿಗಳ ಹೆಸರುಗಳನ್ನು ಮನೆಯಿಂದ ತಂದವರು, ದಾರಿಯ ಹೆಸರನ್ನೂ ಗಾಡಿಯ ಹೆಸರನ್ನೂ ದಾರಿಯಲ್ಲಿಯೇ ಪಡೆದುಕೊಂಡರು.

ನಮ್ಮಲ್ಲಿ ಅನೇಕರು ಲಂಬಾಣಿಗರನ್ನೂ ರೋಮಾ ಜನರನ್ನೂ ಒಂದೇ ಕುಲವೆಂದು ಹೇಳಿಬಿಡುವುದುಂಟು. ಇಬ್ಬರ ನುಡಿಗಳೂ ಇಂಡೋ-ಆರ್ಯ ಬಳಗದವು ಎಂಬುದು ದಿಟ. ಆದರೆ ಅಷ್ಟರಿಂದಲೇ ಒಬ್ಬರು ಇನ್ನೊಬ್ಬರ ಸಂತತಿಯೆಂದು ತೀರ್ಮಾನಿಸಲು ಬರುವುದಿಲ್ಲ. ಈ ಸಂಬಂಧದ ಉತ್ಸಾಹದಿಂದ ನಾನು ಉಳಿ ಹಿಡಿಯಲಿಲ್ಲ. ನನ್ನನ್ನು ಸೆಳೆದದ್ದು ಗಾಡಿಯೇ.

ನೂರು ವರ್ಷದ ಸಂಪ್ರದಾಯ

ಜಿಪ್ಸಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಣ್ಣದ ಗಾಡಿ. ಆದರೆ ಸಾವಿರ ವರ್ಷದ ಆ ಪಯಣದಲ್ಲಿ ಗಾಡಿಯ ಪಾಲು ಹೆಚ್ಚುಕಡಿಮೆ ಒಂದು ನೂರು ವರ್ಷ ಮಾತ್ರ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಇಂಗ್ಲೆಂಡಿನ ಜಿಪ್ಸಿಗಳು ಕಾಲ್ನಡಿಗೆಯಲ್ಲಿ, ಹೇರುಕುದುರೆ ಹೇಸರಗತ್ತೆಗಳೊಡನೆ ಸಂಚರಿಸುತ್ತಿದ್ದರು. ಹಸಿಯ ಕೋಲುಗಳನ್ನು ಬಾಗಿಸಿ ನೆಲಕ್ಕೆ ನೆಟ್ಟು, ಮೇಲೆ ಕಂಬಳಿ ಹೊದಿಸಿದ ಡೇರೆಗಳಲ್ಲಿ ಮಲಗುತ್ತಿದ್ದರು. ಆ ಕಾಲಕ್ಕೆ ಊರೂರು ತಿರುಗಿ ಆಟ ತೋರಿಸುವವರು ಮನೆಗಾಡಿಗಳನ್ನು ಬಳಕೆಗೆ ತಂದಿದ್ದರು. ೧೮೪೦-೪೧ರಲ್ಲಿ ಡಿಕನ್ಸ್ ಬರೆದ 'ದಿ ಓಲ್ಡ್ ಕ್ಯೂರಿಯಾಸಿಟಿ ಷಾಪ್' ಕಾದಂಬರಿಯಲ್ಲಿ ಮೇಣದ ಬೊಂಬೆಗಳನ್ನು ತೋರಿಸುವ ಹೆಂಗಸೊಬ್ಬಳು ಅಂಥ ಗಾಡಿಯಲ್ಲಿ ಬರುತ್ತಾಳೆ. ರಸ್ತೆಗಳು ಗಟ್ಟಿಯಾದ ಮೇಲೆ ಜಿಪ್ಸಿಗಳೂ ಅದನ್ನು ಕೈಕೊಂಡರು. ಇಪ್ಪತ್ತನೆಯ ಶತಮಾನದ ನಡುವೆ ಮೋಟಾರು ಬಂದು, ಕುದುರೆಯ ಕಾಲ ಮುಗಿಯಿತು.

ಇನ್ನೊಂದು ಸಂಗತಿಯೂ ಕುತೂಹಲಕರ. ಹೆಸರಾಂತ ಗಾಡಿಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಜಿಪ್ಸಿಗಳಲ್ಲ, ಊರಲ್ಲಿ ನೆಲೆನಿಂತ ಬಡಗಿಗಳು. ರೆಡಿಂಗ್ ಪಟ್ಟಣದ ಡಂಟನ್ ಮನೆತನದವರು, ಲೀಡ್ಸ್ ಬಳಿಯ ಬಿಲ್ ರೈಟ್, ಇಂಥವರ ಬಳಿಗೆ ಜಿಪ್ಸಿ ಕುಟುಂಬ ಬಂದು, ತನಗೆ ಬೇಕಾದುದನ್ನು ಹೇಳಿ, ಮುಂಗಡ ಕೊಟ್ಟು ಹೋಗುತ್ತಿತ್ತು. ಒಂದು ಒಳ್ಳೆಯ ಗಾಡಿ ಸಿದ್ಧವಾಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತಿತ್ತು. ಅಲೆಯುವವನ ಬಯಕೆ, ನೆಲೆನಿಂತವನ ಕೈ: ಈ ಎರಡರ ಕೂಟದಿಂದ ಹುಟ್ಟಿದ ವಸ್ತು ಇದು.

ಗಾಡಿಗಳಲ್ಲಿ ಹಲವು ಜಾತಿ. ಬಾಗಿಸಿದ ಮರದ ಕಮಾನುಗಳ ಮೇಲೆ ಹಸುರು ಕ್ಯಾನ್ವಾಸು ಹೊದಿಸಿದ್ದು 'ಬೋ-ಟಾಪ್'. ಅದು ಹಗುರ, ಗಾಳಿಗೆ ಸುಲಭವಾಗಿ ಮಗುಚದು, ಮರಗಳ ನಡುವೆ ನಿಲ್ಲಿಸಿದರೆ ಕಣ್ಣಿಗೆ ಬೀಳದು. ಗೋಡೆಗಳು ಚಕ್ರಗಳ ಮೇಲಕ್ಕೆ ಜಗಲಿಯಂತೆ ಹೊರಚಾಚಿದ್ದು 'ಲೆಜ್'. ಬಾಗಿಲು ಹಿಂದುಗಡೆ ಇದ್ದು, ಪೊರಕೆ ಬುಟ್ಟಿಗಳನ್ನು ಮಾರುವವರಿಗೆ ಅನುಕೂಲವಾದದ್ದು 'ಬ್ರಷ್'. ನಾನು ಆರಿಸಿಕೊಂಡದ್ದು 'ರೆಡಿಂಗ್'. ಎತ್ತರದ ಚಕ್ರಗಳ ನಡುವೆ ಇಕ್ಕಟ್ಟಾದ ನೆಲ, ಅಲ್ಲಿಂದ ಮೇಲಕ್ಕೆ ಹೋದಂತೆ ಹೊರಕ್ಕೆ ವಾಲಿದ ಗೋಡೆ, ಮೇಲೆ ಕಮಾನು ಮಾಡು. ಎದುರಿನಿಂದ ನೋಡಿದರೆ ಗಾಳಿಪಟದ ಆಕಾರ. ಈ ಎಲ್ಲ ಬಗೆಗಳ ವಿವರವನ್ನೂ ವಾರ್ಡ್-ಜ್ಯಾಕ್ಸನ್ ಮತ್ತು ಡೆನಿಸ್ ಹಾರ್ವೆ ಎಂಬ ಇಬ್ಬರು ೧೯೭೨ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು. ಈ ವಿಷಯಕ್ಕೆ ಕೈಹಾಕುವವರೆಲ್ಲರೂ ಅವರಿಗೆ ಋಣಿಗಳು.

ಚಕ್ರ

ಗಾಡಿಯ ಮಾದರಿಯನ್ನು ಚಕ್ರದಿಂದ ಆರಂಭಿಸಬೇಕೆಂಬುದು ಬಲ್ಲವರ ಮಾತು. ಚಕ್ರ ಸರಿಹೋದರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ. ಇಂಗ್ಲೆಂಡಿನ ಚಕ್ರದಲ್ಲಿ ಮೂರು ಮರಗಳು ಮೂರು ಕೆಲಸ ಮಾಡುತ್ತವೆ. ನಡುವಿನ ಗುಂಬಕ್ಕೆ ಎಲ್ಮ್ ಮರ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುತ್ತಲೂ ತೂತು ಕೊರೆದರೂ ಸೀಳುವುದಿಲ್ಲ. ಅರೆಕಾಲುಗಳಿಗೆ ಓಕ್, ಅದು ಹೊರೆಯನ್ನು ಬಾಗದೆ ಹೊರುತ್ತದೆ. ಹೊರಬಳೆಯ ತುಂಡುಗಳಿಗೆ ಆಶ್. ಅದು ಪೆಟ್ಟು ತಿಂದರೂ ಮುರಿಯದೆ ಬಳುಕುತ್ತದೆ. ಬಳೆಯ ಒಂದೊಂದು ತುಂಡೂ ಎರಡೆರಡು ಅರೆಕಾಲುಗಳನ್ನು ಹಿಡಿಯುವುದರಿಂದ ಅರೆಕಾಲುಗಳ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯೇ. ನನ್ನ ಮಾದರಿಯಲ್ಲಿ ಮುಂಚಕ್ರಕ್ಕೆ ೧೨, ಹಿಂಚಕ್ರಕ್ಕೆ ೧೪. ಒಟ್ಟು ೫೨ ಅರೆಕಾಲು, ೨೬ ಬಳೆತುಂಡು. ಎರಡು ಅಂಗುಲ ದಪ್ಪದ ಅರೆಕಾಲು ಮಾದರಿಯಲ್ಲಿ ಅಂಗುಲದ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕು ಮಿಲಿಮೀಟರಿನಷ್ಟು ದಪ್ಪದ ಕಡ್ಡಿಯನ್ನು, ಬುಡದಲ್ಲಿ ಚೌಕ, ನಡುವೆ ದುಂಡು, ತುದಿಯಲ್ಲಿ ಮತ್ತೆ ಕಿರಿದು ಎಂದು ೫೨ ಬಾರಿ ಕೆತ್ತುವವನಿಗೆ ತಾಳ್ಮೆ ಬೇರೆಲ್ಲಿಯೂ ಕಲಿಯಬೇಕಾದ್ದಿಲ್ಲ.

ಎಲ್ಮ್ ಮರ ನಮ್ಮಲ್ಲಿ ದೊರೆಯದು. ಗುಂಬಗಳಿಗೆ ಚನ್ನಪಟ್ಟಣದ ಬೊಂಬೆಗಾರರು ಬಳಸುವ ಆಲೆಮರವನ್ನೇ ತೆಗೆದುಕೊಂಡೆ. ಅದು ಬೆಣ್ಣೆಯ ಬಣ್ಣದ ನುಣುಪು ಮರ; ಚರಕಿಗೆ ಏರಿಸಿದರೆ ಉಳಿಗೆ ಹಿತವಾಗಿ ಒಲಿಯುತ್ತದೆ. ಅರೆಕಾಲುಗಳಿಗೂ ಚೌಕಟ್ಟಿಗೂ ಹಳೆಯ ಕಿಟಕಿಯೊಂದರ ತೇಗವೇ ಒದಗಿತು.

ಚಕ್ರದಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಗುಟ್ಟಿದೆ. ಅದು ಚಪ್ಪಟೆಯಲ್ಲ, ತಟ್ಟೆಯ ಹಾಗೆ ತಗ್ಗು. ಅರೆಕಾಲುಗಳು ಗುಂಬದಿಂದ ನೇರವಾಗಿ ಏಳದೆ ಹೊರಕ್ಕೆ ಸ್ವಲ್ಪ ವಾಲಿಕೊಂಡಿರುತ್ತವೆ. ಕುದುರೆ ಹೆಜ್ಜೆಯಿಡುವಾಗ ಗಾಡಿಯ ಭಾರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗುತ್ತದೆ. ಚಪ್ಪಟೆ ಚಕ್ರವಾದರೆ ಆ ತೂಗಾಟಕ್ಕೆ ಕ್ರಮೇಣ ಸಡಿಲಗೊಂಡು ಬಿಚ್ಚಿಹೋಗುತ್ತದೆ. ತಗ್ಗು ಚಕ್ರ ಎದೆಯೊಡ್ಡಿ ನಿಲ್ಲುತ್ತದೆ. ಅಚ್ಚಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿರುವುದರಿಂದ, ನೆಲದ ಕಡೆಗಿರುವ ಅರೆಕಾಲು ಮಾತ್ರ ಕಂಬದಂತೆ ನೆಟ್ಟಗೆ ನಿಂತು ಹೊರೆ ಹೊರುತ್ತದೆ. ಕಾದು ಕೆಂಪಾದ ಕಬ್ಬಿಣದ ಪಟ್ಟೆಯನ್ನು ತೊಡಿಸಿ ನೀರು ಹೊಯ್ದೊಡನೆ ಅದು ಕುಗ್ಗಿ, ಎಲ್ಲ ಕೀಲುಗಳನ್ನೂ ಒಂದೇ ಬಿಗಿತದಲ್ಲಿ ಅಪ್ಪಿಕೊಳ್ಳುತ್ತದೆ. ಈ ಕೊನೆಯ ಕೆಲಸ ನಮ್ಮ ಹಳ್ಳಿಯ ಕಮ್ಮಾರಸಾಲೆಯಲ್ಲಿ ನಡೆಯುವುದನ್ನು ನೋಡಿದವರಿಗೆ ಹೊಸದೇನೂ ಅಲ್ಲ. ಸೂತ್ರ ಎರಡು ಕಡೆಯೂ ಒಂದೇ.

ಒಡಲು

ಚಕ್ರದ ಮೇಲೆ ಕೆಳಚೌಕಟ್ಟು, ಮುಂದಿನ ಅಚ್ಚು ತಿರುಗಲು ಒಂದು ಬಳೆ, ಕಮಾನು ಪಟ್ಟಿಗಳು, ಆಮೇಲೆ ಗೋಡೆ. ಗೋಡೆಯ ಹಲಗೆ ಬಹಳ ತೆಳು. ಅದನ್ನು ಹಿಡಿದು ನಿಲ್ಲಿಸುವ ಪಕ್ಕೆಲುಬುಗಳು ಹೊರಗಡೆಯೇ ಕಾಣುತ್ತವೆ. ಈ ಪಕ್ಕೆಲುಬುಗಳ ಅಂಚುಗಳನ್ನೂ ಅಚ್ಚಿನ ಮೇಲಣ ದಿಮ್ಮಿಗಳ ಅಂಚುಗಳನ್ನೂ ಬಡಗಿ ಅಲ್ಲಲ್ಲಿ ಓರೆಯಾಗಿ ಕೆತ್ತಿ ತೆಗೆದಿರುತ್ತಾನೆ. ಕೆತ್ತಿದ ಕಡೆಗೆಲ್ಲ ಬೇರೆ ಬಣ್ಣ. ಉಳ್ಳವರ ಗಾಡಿಗಳಲ್ಲಿ ಚಿನ್ನದ ರೇಕು. ಮೊದಲ ನೋಟಕ್ಕೆ ಇದು ಬರಿಯ ಅಲಂಕಾರವೆಂದು ತೋರುತ್ತದೆ. ಆದರೆ ಮಾಡುತ್ತಾ ಹೋದಂತೆ ಅದರ ಮರ್ಮ ತಿಳಿಯುತ್ತದೆ. ಕೀಲು ಕೂಡುವ ಕಡೆ ಮರ ಪೂರ್ತಿಯಾಗಿ ಉಳಿದಿದೆ. ಶಕ್ತಿ ಬೇಕಿಲ್ಲದ ನಡುಭಾಗದಲ್ಲಿ ಮಾತ್ರ ಕೆತ್ತಿದೆ. ಹೀಗೆ ಕೆತ್ತಿ ತೆಗೆದ ಪ್ರತಿಯೊಂದು ಚಕ್ಕೆಯೂ ಕುದುರೆಯ ಹೆಗಲಿನಿಂದ ಇಳಿಸಿದ ಭಾರ. ಕುದುರೆಯ ಮೇಲಿನ ಕರುಣೆ ಮೊದಲು. ಚೆಲುವು ಅದರ ಹಿಂದೆ ಬಂದದ್ದು.

ಮಾಡಿನ ನಡುವೆ ಉದ್ದಕ್ಕೂ ಎತ್ತಿ ಕಟ್ಟಿದ ಒಂದು ಕಿರುಮಾಡು. ಅದರ ಎರಡು ಪಕ್ಕಗಳಲ್ಲಿ ಸಣ್ಣ ಸಣ್ಣ ಗಾಜಿನ ಕಿಟಕಿ. ಒಳಗಿನ ಹೊಗೆ ಸೆಕೆಗಳು ಅಲ್ಲಿಂದ ಹೊರಹೋಗುತ್ತವೆ, ಬೆಳಕು ಒಳಬರುತ್ತದೆ. ಈ ಕಿಟಕಿಗಳಿಗೆ ನಾನು ಸೂಕ್ಷ್ಮದರ್ಶಕದಲ್ಲಿ ಬಳಸುವ ತೆಳುಗಾಜಿನ ಚೂರುಗಳನ್ನು ಹಾಕಿದೆ. ಮಾದರಿಯಲ್ಲಿ ದಪ್ಪಗಾಜು ಹಾಕಿದರೆ ಅದು ಕೋಟೆಯ ಗೋಡೆಯಂತೆ ಕಾಣುತ್ತದೆ. ಮಾಡನ್ನು ಹೊರುವ ಮುಂಭಾಗದ ಕೈಗಳಲ್ಲಿ ಬಳ್ಳಿ, ದ್ರಾಕ್ಷಿ, ಕುದುರೆಯ ತಲೆ ಮೊದಲಾದ ಕೆತ್ತನೆ. ಅದಕ್ಕೆ ಬೇಕಾದ ಚಿನ್ನದ ರೇಕು, ಮೈಸೂರು ಶೈಲಿಯ ಚಿತ್ರಗಳಿಗೆ ಬಳಸುವಂಥದೇ, ಸುಲಭವಾಗಿ ಸಿಕ್ಕಿತು.

ಚಿಕ್ಕ ವಸ್ತುಗಳಲ್ಲಿ ನನಗೆ ಬಹಳ ಹಿಡಿಸಿದವು ಎರಡು. ಒಂದು, ಹಿಂಚಕ್ರದ ಬೆನ್ನಿಗೇ ಸರಪಳಿಯಿಂದ ತೂಗುವ ಮರದ ಉರುಳೆ. ದಿಣ್ಣೆ ಏರುವಾಗ ಅದನ್ನು ಕೆಳಗೆ ಬಿಟ್ಟರೆ ಚಕ್ರದ ಹಿಂದೆ ಉರುಳುತ್ತಾ ಬರುತ್ತದೆ. ಕುದುರೆ ಉಸಿರು ತೆಗೆದುಕೊಳ್ಳಲು ನಿಂತರೆ ಗಾಡಿ ಹಿಂದಕ್ಕೆ ಜಾರದಂತೆ ತಾನೇ ತಡೆಯುತ್ತದೆ. ಇನ್ನೊಂದು, ಇಳಿಜಾರಿನಲ್ಲಿ ಚಕ್ರದ ಅಡಿಗೆ ಸಿಕ್ಕಿಸುವ ಕಬ್ಬಿಣದ ಪಾದರಕ್ಷೆ. ಅದರ ಮೇಲೆ ನಿಂತ ಚಕ್ರ ಉರುಳದೆ ಜಾರುತ್ತದೆ, ಗಾಡಿಯ ವೇಗ ಮಟ್ಟಕ್ಕೆ ಬರುತ್ತದೆ. ಇವೆರಡೂ ನನ್ನ ಮಾದರಿಯಲ್ಲಿ ಕಡಲೆಕಾಯಿಗಿಂತ ಚಿಕ್ಕವು. ಆದರೆ ಅವನ್ನು ಮಾಡುವಾಗ ಮೊದಲ ಬಾರಿಗೆ ಗಾಡಿಯ ಸುತ್ತ ದಾರಿ ಕಾಣಿಸಿತು. ದಿಣ್ಣೆ, ಮಳೆ, ಸಂಜೆಯ ಮಬ್ಬು, ಕುದುರೆಯ ಪಕ್ಕದಲ್ಲಿ ನಡೆಯುವ ಮನುಷ್ಯ, ಎಲ್ಲವೂ.

ಒಳಮನೆ

ಗಾಡಿಯ ಬಾಗಿಲು ಮುಂದುಗಡೆ. ಮೇಲರ್ಧ ಕೆಳಗರ್ಧಗಳು ಬೇರೆಬೇರೆಯಾಗಿ ತೆರೆಯುತ್ತವೆ. ಒಳಗೆ ಹೆಜ್ಜೆಯಿಟ್ಟರೆ ಎಡಗಡೆ ಬಟ್ಟೆಯ ಬೀರು, ಅದರ ಪಕ್ಕದಲ್ಲಿ ಎರಕದ ಒಲೆ. ಬಲಗಡೆ ಮೂಲೆಯಲ್ಲಿ ಪಿಂಗಾಣಿಯ ಕಪಾಟು. ಎರಡು ಪಕ್ಕಕ್ಕೂ ಪೆಟ್ಟಿಗೆಯೂ ಆಗುವ ಆಸನಗಳು. ಹಿಂಗೋಡೆಗೆ ಅಡ್ಡವಾಗಿ ಹಿರಿಯರ ಮಂಚ. ಅದರ ಕೆಳಗಿನ ಗೂಡಿನಲ್ಲಿ ಮಕ್ಕಳ ಹಾಸಿಗೆ. ಹಗಲು ಹೊತ್ತಿನಲ್ಲಿ ಜಾರುಬಾಗಿಲು ಎಳೆದರೆ ಇಡೀ ಮಲಗುವ ಮನೆಯೇ ಮಾಯ.

ಒಲೆ ಎಡಗಡೆಯೇ ಏಕೆ? ಈ ಪ್ರಶ್ನೆ ನನ್ನನ್ನು ಕೆಲವು ದಿನ ಕಾಡಿತು. ಯಾವ ನಕ್ಷೆಯಲ್ಲಿ ನೋಡಿದರೂ ಒಲೆ ಅಲ್ಲಿಯೇ. ಉತ್ತರ ಒಳಗಿಲ್ಲ, ಹೊರಗೆ ರಸ್ತೆಯಲ್ಲಿದೆ. ಇಂಗ್ಲೆಂಡಿನಲ್ಲಿ, ನಮ್ಮಲ್ಲಿರುವಂತೆಯೇ, ಗಾಡಿಗಳು ರಸ್ತೆಯ ಎಡಮಗ್ಗುಲಿನಲ್ಲಿ ಸಾಗುತ್ತವೆ. ಮುಂದಿನಿಂದ ಒಳಹೊಕ್ಕವನ ಎಡಗಡೆಯೆಂದರೆ ಗಾಡಿ ಸಾಗುವ ದಿಕ್ಕಿಗೆ ಬಲಗಡೆ, ಅಂದರೆ ರಸ್ತೆಯ ನಡುವಿನ ಕಡೆ. ಹೊಗೆಕೊಳವೆ ಅತ್ತ ಇದ್ದರೆ, ರಸ್ತೆಯಂಚಿನ ಮರಗಳ ಬಾಗಿದ ಕೊಂಬೆಗಳು ಅದಕ್ಕೆ ತಗಲುವುದಿಲ್ಲ! ಒಂದು ಒಲೆಯ ಜಾಗವನ್ನು ಗೊತ್ತುಮಾಡಿದ್ದು ಒಂದು ದೇಶದ ಸಾಲುಮರ. ಇಂಥ ಸಂಗತಿ ತಿಳಿದ ದಿನ ಮಾದರಿ ಮಾಡುವವನಿಗೆ ದೊರೆಯುವ ಸಂತೋಷವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ.

ಒಲೆಯಿದ್ದರೂ ಅಡುಗೆಯೆಲ್ಲ ಹೆಚ್ಚಾಗಿ ಹೊರಗೆ, ಬಯಲ ಬೆಂಕಿಯ ಮೇಲೆ. ಬಾಳು ನಡೆಯುತ್ತಿದ್ದುದು ಗಾಡಿಯ ಸುತ್ತ. ಒಳಗೆ ನಡೆಯುತ್ತಿದ್ದುದು ನಿದ್ದೆ, ಮಳೆಗಾಲದ ಆಶ್ರಯ, ಅತಿಥಿಗೆ ತೋರಿಸುವ ಸೊಗಸು. ಕಪಾಟಿನ ತುಂಬ ಬೆಲೆಬಾಳುವ ಪಿಂಗಾಣಿ. ಕ್ರೌನ್ ಡರ್ಬಿಯ ಬಟ್ಟಲುಗಳೆಂದರೆ ಅವರಿಗೆ ಪ್ರಾಣ.

ನಮ್ಮವರಿಗೆ ಕೂಡಲೇ ಅರ್ಥವಾಗುವ, ಇಂಗ್ಲಿಷರಿಗೆ ಬಹುಕಾಲ ಅರ್ಥವಾಗದಿದ್ದ ಒಂದು ವಿಷಯ ಇಲ್ಲಿದೆ. ಈ ಮನೆಯಲ್ಲಿ ಬೋಗುಣಿಗಳು ಹಲವು. ಪಾತ್ರೆ ತೊಳೆಯುವುದಕ್ಕೆ ಒಂದು, ಕೈ ಮುಖ ತೊಳೆಯುವುದಕ್ಕೆ ಇನ್ನೊಂದು, ಬಟ್ಟೆ ಒಗೆಯುವುದಕ್ಕೆ ಮತ್ತೊಂದು. ಒಂದರ ಕೆಲಸಕ್ಕೆ ಇನ್ನೊಂದು ಸೋಕಕೂಡದು. ಸೋಕಿದರೆ ಅದು 'ಮೋಖಡಿ'. ಇದಕ್ಕೆ ಇಂಗ್ಲಿಷಿನಲ್ಲಿ ಹೊಂದುವ ಮಾತಿಲ್ಲ. ಕನ್ನಡದಲ್ಲಿ ಹುಡುಕಬೇಕಾದ್ದೇ ಇಲ್ಲ, ಮೈಲಿಗೆ. ಹೆರಿಗೆಯೂ ಗಾಡಿಯೊಳಗೆ ಆಗಕೂಡದು. ಅದಕ್ಕೆ ಬೇರೆ ಡೇರೆ ಹಾಕುತ್ತಿದ್ದರು. ನಾಯಿಗೆ ಗಾಡಿಯ ಅಡಿಯೇ ಸ್ಥಾನ, ಒಳಗೆ ಪ್ರವೇಶವಿಲ್ಲ. ಊರಿನವರು ಯಾರನ್ನು ಕೊಳಕರೆಂದು ದೂರಿದರೋ ಆ ಜನ, ಪಾತ್ರೆ ತೊಳೆಯುವ ತೊಟ್ಟಿಯಲ್ಲೇ ಕೈ ತೊಳೆಯುವ ಊರಿನವರನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದರು! ನನ್ನ ಮಾದರಿಯಲ್ಲಿ ಮೂರು ಬೋಗುಣಿಗಳಿವೆ. ತಾಮ್ರದ ತಗಡಿನಿಂದ ಮಾಡಿದವು. ಮೂರನ್ನೂ ದೂರದೂರವೇ ಇಟ್ಟಿದ್ದೇನೆ.

ಬೆಂಕಿ

ಇಷ್ಟು ಮುತುವರ್ಜಿಯಿಂದ ಮಾಡಿಸಿದ, ಒಂದು ಕುಟುಂಬದ ಸರ್ವಸ್ವವೂ ಆದ ಈ ಗಾಡಿಯ ಗತಿ ಕೊನೆಗೆ ಏನಾಗುತ್ತಿತ್ತು? ಒಡೆಯ ಸತ್ತರೆ ಅದನ್ನು ಸುಡುತ್ತಿದ್ದರು. ಅವನ ಬಟ್ಟೆಬರೆ, ಹಾಸಿಗೆ ಎಲ್ಲವನ್ನೂ ಒಳಗೆ ಇಟ್ಟು, ಹುಲ್ಲು ತುಂಬಿ ಬೆಂಕಿಯಿಡುವುದು ಪದ್ಧತಿ. ಆಸೆಪಟ್ಟು ಕೂಡಿಟ್ಟ ಪಿಂಗಾಣಿಯನ್ನು ಒಡೆದು ಹಾಕುತ್ತಿದ್ದರು. ಸತ್ತವನಿಗೆ ಅವರು ಹೇಳುವ ಮಾತು 'ಮುಲೋ'. ಅದು ನಮ್ಮ 'ಮೃತ'ವೇ. ಅದೇ ಮಾತಿಗೆ ಪ್ರೇತವೆಂಬ ಅರ್ಥವೂ ಇದೆ. ಸತ್ತವನ ವಸ್ತು ಉಳಿದರೆ ಅವನೂ ಅದರ ಸುತ್ತ ಉಳಿದಾನೆಂಬ ಭಯ ಒಂದು ಕಡೆ. ಸತ್ತವನ ಆಸ್ತಿಯಿಂದ ಲಾಭ ಪಡೆಯುವುದು ಹೀನವೆಂಬ ಮರ್ಯಾದೆ ಇನ್ನೊಂದು ಕಡೆ.

ಆದುದರಿಂದಲೇ ಹಳೆಯ ಗಾಡಿಗಳು ಇಂದು ವಿರಳ. ಮಾರಾಟವಾಗಿ ಹೊರಗಿನವರ ಕೈಸೇರಿದ್ದು, ಒಡೆಯ ಬದುಕಿರುವಾಗಲೇ ಬದಲಾಯಿಸಿದ್ದು, ಪದ್ಧತಿ ಸಡಿಲವಾದ ಮೇಲೆ ಮಕ್ಕಳು ಉಳಿಸಿಕೊಂಡದ್ದು, ಇಂಥವೇ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಒಂದೊಂದು ಗಾಡಿಯೂ ಉಳಿದದ್ದು, ಅದಕ್ಕೆ ಸಲ್ಲಬೇಕಾದ ಬೆಂಕಿ ಸಲ್ಲದೇ ಹೋದದ್ದರಿಂದ.

ಈ ಸಂಗತಿಯನ್ನು ಓದಿದಾಗ ನನ್ನ ಕೆಲಸ ಅರ್ಧಕ್ಕೆ ಬಂದಿತ್ತು. ಕೆಲವು ವಾರ ಉಳಿ ಮುಟ್ಟಲು ಮನಸ್ಸಾಗಲಿಲ್ಲ. ಉಳಿಯಬಾರದೆಂದು ಅದರ ಜನರೇ ಬಗೆದ ವಸ್ತುವನ್ನು, ಸಾವಿರಾರು ಮೈಲಿ ದೂರದಲ್ಲಿ ಕುಳಿತು, ಗಾಜಿನ ಪೆಟ್ಟಿಗೆಯೊಳಗೆ ಉಳಿಸಲು ನಾನು ಯಾರು? ಬಹಳ ಯೋಚಿಸಿ ಒಂದು ಸಮಾಧಾನ ಕಂಡುಕೊಂಡೆ. ನನ್ನ ಗಾಡಿಯಲ್ಲಿ ಯಾರೂ ಮಲಗಿಲ್ಲ, ಯಾರೂ ಸತ್ತಿಲ್ಲ. ಬೆಂಕಿಗೆ ಇದರ ಮೇಲೆ ಹಕ್ಕಿಲ್ಲ. ಇದು ಗಾಡಿಯಲ್ಲ, ಗಾಡಿಯನ್ನು ಕುರಿತು ಮರದಲ್ಲಿ ಬರೆದ ಲೇಖನ. ಇದನ್ನು ಸತ್ತವರ ಒಡವೆಯೆಂದು ಯಾವ ರೋಮಾ ಮನುಷ್ಯನೂ ತಪ್ಪಾಗಿ ತಿಳಿಯಲಾರ.

ಗಾಡಿ ಬೇಕು, ಗಾಡಿಯವನು ಬೇಡ

ಆದರೆ ಇನ್ನೊಂದು ಪ್ರಶ್ನೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಂಗ್ಲೆಂಡಿಗೆ ಈ ಗಾಡಿಯ ಮೇಲೆ ಅಪಾರ ಪ್ರೀತಿ. ೧೯೦೮ರಲ್ಲಿ ಕೆನ್ನೆತ್ ಗ್ರಹಾಂ ಬರೆದ ಮಕ್ಕಳ ಕಥೆಯಲ್ಲಿ ಕಪ್ಪೆರಾಯ ಹಳದಿ ಬಣ್ಣದ ಇಂಥ ಗಾಡಿಯನ್ನು ಕೊಂಡು ಕುಣಿದಾಡುತ್ತಾನೆ. ರೋಲ್ಡ್ ಡಾಲ್ ತನ್ನ ತೋಟದಲ್ಲಿಯೇ ಒಂದನ್ನು ನಿಲ್ಲಿಸಿಕೊಂಡಿದ್ದ; ೧೯೭೫ರ ಅವನ ಕಥೆಯೊಂದರ ಹುಡುಗ ಅಂಥದರಲ್ಲಿಯೇ ಬೆಳೆಯುತ್ತಾನೆ. ಇನ್ನು ಫ್ರಾನ್ಸಿನಲ್ಲಿ ವಾನ್ ಗೋ ೧೮೮೮ರಲ್ಲಿ ಆರ್ಲ್ ಬಳಿ ಜಿಪ್ಸಿಗಳ ಬಿಡಾರವನ್ನು ಗಾಡಿಗಳ ಸಹಿತ ಚಿತ್ರಿಸಿದ್ದಾನೆ.

ಗಾಡಿಯನ್ನು ಪ್ರೀತಿಸಿದ ದೇಶಗಳು ಗಾಡಿಯವನನ್ನು ಹೇಗೆ ಕಂಡವು? ಇಂಗ್ಲೆಂಡು ೧೫೩೦ರ ಶಾಸನದಲ್ಲಿ 'ಈಜಿಪ್ಟಿನವರು' ಒಳಬರಕೂಡದೆಂದಿತು. ೧೫೫೪ರಲ್ಲಿ, ಹೇಳಿದರೂ ಹೋಗದೆ ಉಳಿದವರಿಗೆ ಮರಣದಂಡನೆಯೆಂದಿತು. ಇವು ಹಳೆಯ ಕಾಲದವು ಎನ್ನೋಣ. ೧೯೫೯ರ ಹೆದ್ದಾರಿ ಶಾಸನ, ರಸ್ತೆಯ ಬದಿಯಲ್ಲಿ ಜಿಪ್ಸಿ ಬಿಡಾರ ಹೂಡುವುದನ್ನು ಅಪರಾಧವೆಂದು ಸಾರಿತು. ೧೯೬೮ರಲ್ಲಿ ಸ್ಥಳೀಯ ಸಂಸ್ಥೆಗಳು ಅವರಿಗೆ ತಂಗುದಾಣ ಒದಗಿಸಬೇಕೆಂದು ಒಂದು ಒಳ್ಳೆಯ ಶಾಸನ ಬಂತು. ೧೯೯೪ರಲ್ಲಿ ಆ ಹೊಣೆಯನ್ನು ತೆಗೆದುಹಾಕಲಾಯಿತು. ಭೂಖಂಡದ ಕಥೆ ಇನ್ನೂ ಘೋರ. ೧೯೪೪ರ ಆಗಸ್ಟ್ ೨ರ ರಾತ್ರಿ ಆಷ್ವಿಟ್ಸ್-ಬಿರ್ಕೆನೌ ಶಿಬಿರದಲ್ಲಿ ಉಳಿದಿದ್ದ ೪,೦೦೦ಕ್ಕೂ ಹೆಚ್ಚು ರೋಮಾ ಮತ್ತು ಸಿಂತಿ ಜನರನ್ನು, ಮಕ್ಕಳು ಮುದುಕರೆನ್ನದೆ, ನಾಜಿಗಳು ವಿಷಾನಿಲದಿಂದ ಕೊಂದರು.

ದೂರದವರನ್ನು ದೂರುವುದು ಸುಲಭ. ನಮ್ಮ ನಾಡಿನಲ್ಲಿ ಬ್ರಿಟಿಷ್ ಸರಕಾರ ೧೮೭೧ರಲ್ಲಿ ಮಾಡಿದ ಶಾಸನವೊಂದು ಅನೇಕ ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಕಾಲಕ್ರಮದಲ್ಲಿ ಅದು ನಮ್ಮ ಭಾಗಕ್ಕೂ ಬಂತು. ಹುಬ್ಬಳ್ಳಿಯಲ್ಲಿ ಇಂದಿಗೂ 'ಸೆಟ್ಲ್‌ಮೆಂಟ್' ಎಂದು ಕರೆಯುವ ಪ್ರದೇಶ, ಅಂಥವರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಕಾಲದ ಕುರುಹು. ಶಾಸನ ೧೯೫೨ರಲ್ಲಿ ರದ್ದಾಯಿತು. ಆದರೆ ಊರ ಹೊರಗೆ ನಾಲ್ಕು ಡೇರೆಗಳು ಕಂಡ ರಾತ್ರಿ ನಾವು ಬಾಗಿಲ ಅಗುಳಿಯನ್ನು ಎರಡು ಬಾರಿ ನೋಡುವುದು ರದ್ದಾಗಿದೆಯೆ? ಲಂಬಾಣಿಗರ ಕಸೂತಿಯನ್ನು ಕೊಂಡು ಗೋಡೆಗೆ ತೂಗುಹಾಕುವವರಲ್ಲಿ ಎಷ್ಟು ಮಂದಿ ತಾಂಡಾಕ್ಕೆ ಹೋಗಿ ನೀರು ಕುಡಿದು ಬಂದಿದ್ದಾರೆ? 'ಗಾಡಿ ಬೇಕು, ಗಾಡಿಯವನು ಬೇಡ' ಎಂಬುದು ಇಂಗ್ಲಿಷರೊಬ್ಬರ ಗುಣವಲ್ಲ.

ಮಾದರಿ ಮಾಡುವವನಿಗೆ ಈ ರೋಗ ಬೇಗ ತಗಲುತ್ತದೆ. ಚಿನ್ನದ ರೇಕು ಹಚ್ಚುತ್ತಾ ಹಚ್ಚುತ್ತಾ ಅವನು ಚೆಲುವಿನಲ್ಲೇ ನಿಂತುಬಿಡಬಹುದು. ಆದರೆ ಅದೇ ಕೆಲಸದಲ್ಲಿ ಅದರ ಮದ್ದೂ ಇದೆ. 'ಇದು ಏಕೆ ಹೀಗಿದೆ?' ಎಂದು ಪ್ರಾಮಾಣಿಕವಾಗಿ ಕೇಳಿದರೆ, ಪ್ರತಿಯೊಂದು ತುಂಡೂ ಒಬ್ಬ ಮನುಷ್ಯನ ಬಳಿಗೆ ಕರೆದೊಯ್ಯುತ್ತದೆ. ಕೆತ್ತಿದ ಅಂಚು ಕುದುರೆಯ ಭಾರವನ್ನು ನೆನೆದವನ ಕಡೆಗೆ, ಉರುಳೆ ದಿಣ್ಣೆ ಹತ್ತಿದವನ ಕಡೆಗೆ, ಮೂರು ಬೋಗುಣಿಗಳು ಮಡಿಯಿಂದ ಮನೆ ನಡೆಸಿದ ಒಬ್ಬ ತಾಯಿಯ ಕಡೆಗೆ. ಗಾಡಿಯಿಂದ ಆರಂಭಿಸಿದವನು ಗಾಡಿಯವನನ್ನು ತಲುಪದಿದ್ದರೆ, ಅವನ ಅಳತೆ ಎಷ್ಟೇ ಸರಿಯಿದ್ದರೂ ಮಾದರಿ ಸರಿಯಿಲ್ಲ. ನಮ್ಮ ತೇರನ್ನು ಬಿಟ್ಟು ಇದನ್ನೇಕೆ ಮಾಡಿದಿರಿ ಎಂಬ ಸ್ನೇಹಿತರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ತೇರನ್ನು ನಾನು ಬಲ್ಲೆನೆಂದು ತಿಳಿದಿದ್ದೇನೆ. ಆದುದರಿಂದ ಏನನ್ನೂ ಕೇಳುತ್ತಿರಲಿಲ್ಲ. ಇದನ್ನು ಅರಿಯೆ, ಆದುದರಿಂದ ಪ್ರತಿಯೊಂದು ಮೊಳೆಗೂ ಕೇಳಬೇಕಾಯಿತು.

೧೯೭೧ರಲ್ಲಿ ಲಂಡನ್ನಿನ ಬಳಿ ಸೇರಿದ ರೋಮಾ ಜನರ ಮೊದಲ ವಿಶ್ವ ಸಮ್ಮೇಳನ ತಮ್ಮ ಬಾವುಟವೊಂದನ್ನು ಗೊತ್ತುಮಾಡಿತು. ಮೇಲೆ ಆಕಾಶದ ನೀಲಿ, ಕೆಳಗೆ ನೆಲದ ಹಸುರು, ನಡುವೆ ೧೬ ಅರೆಕಾಲುಗಳ ಕೆಂಪು ಚಕ್ರ. ನಮ್ಮ ಬಾವುಟದ ೨೪ ಅರೆಕಾಲುಗಳ ಚಕ್ರವನ್ನು ಬಲ್ಲವರಿಗೆ ಅದು ನೆಂಟನಂತೆ ಕಾಣುತ್ತದೆ. ಗಮನಿಸಬೇಕಾದ ಮಾತೆಂದರೆ, ಆ ಬಾವುಟದ ಮೇಲೆ ಬಣ್ಣದ ಗಾಡಿಯಿಲ್ಲ. ಗಾಡಿಯನ್ನು ಅವರು ಸುಡಬಲ್ಲರು, ಬಿಡಬಲ್ಲರು, ಬೇರೆಯದನ್ನು ಮಾಡಿಸಬಲ್ಲರು. ಅದು ನೂರು ವರ್ಷದ ವಾಸ. ಅವರು ಉಳಿಸಿಕೊಂಡದ್ದು ಚಕ್ರವನ್ನು. ಅದು ನಿಲ್ಲಬೇಕಾದಾಗ ನಿಲ್ಲಲು ನಾಲ್ಕು ಮೊಳ ನೆಲ ಎಲ್ಲಿಯಾದರೂ ದೊರೆಯಬೇಕು. ಆ ನೆಲವನ್ನು ಮಾದರಿಯಲ್ಲಿ ಮಾಡಿ ತೋರಿಸುವುದು ನನ್ನ ಉಳಿಗೆ ಸಾಧ್ಯವಾಗಿಲ್ಲ.